ಏಳು ಖಾನೆಯ ಕಾದಂಬರಿ

ಸ್ವಂತ ಖರ್ಚಿನಲ್ಲಿ ಕಾದಂಬರಿ ಅಚ್ಚು ಹಾಕಿಸಿದವನು ಅದನ್ನು ಮಾರುವ ಕೂಲಿಯನ್ನೂ ತಾನೇ ಮಾಡಬೇಕೆಂಬುದು ಉತ್ತರ ಕರ್ನಾಟಕಕ್ಕೆ ಹೊಸ ಸಂಗತಿಯಲ್ಲ. ಕಾದಂಬರಿಕಾರ ಗಳಗನಾಥರು (1869–1942) ತಮ್ಮ ಪುಸ್ತಕಗಳ ಗಂಟನ್ನು ಹೊತ್ತು ಊರೂರು ತಿರುಗಿ ಮಾರಿದರು. ಈಗ ಆ ಹೊರೆ ತಲೆಯ ಮೇಲಿಂದ ತಲೆಯೊಳಕ್ಕೆ ಇಳಿದಿದ್ದು, ಅದರ ಹೆಸರು ಟ್ಯಾಗ್, ಅಂದರೆ ಓದುಗನು ಹುಡುಕುವಾಗ ಬೆರಳಚ್ಚಿಸಬಹುದೆಂದು ಲೇಖಕನು ಮೊದಲೇ ಊಹಿಸಿ ಪುಸ್ತಕಕ್ಕೆ ಅಂಟಿಸುವ ಪದ. ಅಮೆಜಾನಿನ ಸ್ವಪ್ರಕಾಶನ ವ್ಯವಸ್ಥೆಯಾದ ಕೆಡಿಪಿಯಲ್ಲಿ ಇದಕ್ಕಿರುವುದು 7 ಖಾನೆ. ಮುನ್ನೂರು ಪುಟದಲ್ಲೂ ಮಾತು ಮುಗಿಯದವನಿಗೆ ಇದು ಕಠಿಣ ಸಜೆಯೇ ಸರಿ.

ರಾಮದುರ್ಗ ತಾಲ್ಲೂಕಿನ ಕಟಕೋಳದ ಲೇಖಕನೊಬ್ಬ ರಾಣಿ ಚೆನ್ನಮ್ಮನ 1824ರ ಕಿತ್ತೂರು ಕದನದ ಮೇಲೆ ಕಾದಂಬರಿ ಬರೆದನೆಂದು ಭಾವಿಸೋಣ. ಅಭಿಮಾನದಿಂದ ಅವನು ಮೊದಲ ಖಾನೆಯಲ್ಲಿ ‘ಕಟಕೋಳ’ ಎಂದೇ ಬರೆದಾನು, ಆದರೆ ಆ ಪದವನ್ನು ಹುಡುಕುವವರಿಗೆ ಬೇಕಾದುದು ಬಹುತೇಕ ಬಸ್ಸಿನ ವೇಳೆ ಅಥವಾ ಪಿನ್‌ಕೋಡ್. ಬರೀ ‘ಕಾದಂಬರಿ’ ಎಂದರೆ ಸವದತ್ತಿ ಯಲ್ಲಮ್ಮನ ಜಾತ್ರೆಯಲ್ಲಿ ಮಗುವಿನ ಕೈಬಿಟ್ಟಂತೆ. ‘ಅಪೂರ್ವ ಕೃತಿ’ ಎಂದು ಹುಡುಕುವ ಓದುಗನಂತೂ ಇನ್ನೂ ಹುಟ್ಟಬೇಕಾಗಿದೆ. ‘ಕಿತ್ತೂರು ಐತಿಹಾಸಿಕ ಕಾದಂಬರಿ’ ಎಂಬಂಥ ಪದಗುಚ್ಛವನ್ನು ಹುಡುಕುವವರು ಕಡಿಮೆಯಾದರೂ, ಹುಡುಕಿದವರಿಗೆ ಬೇಕಾದುದು ಅದೇ ಆಗಿರುವುದರಿಂದ ಅದು ಕೆಲಸಕ್ಕೆ ಬರುತ್ತದೆ.

ಆಮೇಲಿನ ತೊಡಕು ಕಾಗುಣಿತದ್ದು. ಚೆನ್ನಮ್ಮ ಮತ್ತು ಚನ್ನಮ್ಮ, ಸವದತ್ತಿ ಮತ್ತು ಸೌಂದತ್ತಿ ಮನುಷ್ಯರಿಗೆ ಒಂದೇ, ಅಕ್ಷರಕ್ಕೆ ಅಕ್ಷರ ತಾಳೆ ನೋಡುವ ಯಂತ್ರಕ್ಕೆ ಬೇರೆ ಬೇರೆ. ಅನೇಕರು ರೋಮನ್ ಲಿಪಿಯಲ್ಲಿ ಹುಡುಕುವುದರಿಂದ ಕಟಕೋಳದ ಳಕಾರವೂ ಅಲ್ಲಿ ಲಕಾರವಾಗಿ ಸೊರಗುತ್ತದೆ. ಹೀಗೆ ರಾಣಿಯ ಹೆಸರಿನ ರೂಪಭೇದಗಳಿಗೇ ಖಾನೆಗಳು ತುಂಬುತ್ತಿರಲು, ಕೊನೆಯದನ್ನು ಅವಳ ಬಂಟ ಸಂಗೊಳ್ಳಿ ರಾಯಣ್ಣನಿಗೆ ಬಿಡಬೇಕೋ, ಕಥೆಯಲ್ಲಿ ಅರ್ಧ ಪುಟವಷ್ಟೇ ಇರುವ ‘ಪ್ರೇಮ’ಕ್ಕೆ ಕೊಡಬೇಕೋ ಎಂಬ ಚಿಂತೆಯಲ್ಲಿ ಲೇಖಕನು ಎರಡನೆಯ ಕಾದಂಬರಿಯನ್ನೇ ಮುಂದೂಡುತ್ತಾನೆ.