ಯಡ್ರಾಮಿಯ ಗಂಟು ಮತ್ತು ಅರಬ್ಬೀ ಸಮುದ್ರ: ಒಂದು ಬಹುಶಿಸ್ತೀಯ ಅಧ್ಯಯನ

ಪ್ರಸ್ತುತ ಪ್ರಬಂಧವು ಯಡ್ರಾಮಿ ಸೀಮೆಯ ಪ್ರವಾಸಿಗರು ಕಡಲಿಗೆ ಹೊರಡುವಾಗ ಕಟ್ಟಿಕೊಳ್ಳುವ ಗಂಟಿನ ಸಂಕಥನವನ್ನು ವಸಾಹತೋತ್ತರ ಪರಿಪ್ರೇಕ್ಷ್ಯದಲ್ಲಿ ಮುಖಾಮುಖಿಯಾಗಿಸುವ ವಿನಮ್ರ ಪ್ರಯತ್ನ. 2018ರಲ್ಲಿ ಜೇವರ್ಗಿಯಿಂದ ಬೇರೆಯಾಗಿ ತಾಲ್ಲೂಕಾದ ಯಡ್ರಾಮಿಗೆ ಸಮುದ್ರವಿಲ್ಲ. ಇದು ಅಧ್ಯಯನದ ಮಿತಿ. ರಾಜ್ಯದ ಸುಮಾರು 320 ಕಿಲೋಮೀಟರ್ ಕರಾವಳಿಯಲ್ಲಿ ಕಲಬುರಗಿ ಜಿಲ್ಲೆಯ ಪಾಲು ಸೊನ್ನೆ. ಇದು ಅಧ್ಯಯನದ ವ್ಯಾಪ್ತಿ.

ಪ್ರಾಕ್ಕಲ್ಪನೆ ಇಷ್ಟೇ: ಸಮುದ್ರ ದೂರವಾದಷ್ಟೂ ಗಂಟು ದೊಡ್ಡದು. ಇದನ್ನು ಪರೀಕ್ಷಿಸಲು ಸರಕಾರವೇ ಬಸ್ಸು ಒದಗಿಸಿತು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದದ್ದೇ ತಡ, ಕಡಲನ್ನು ಕ್ಯಾಲೆಂಡರಿನಲ್ಲಷ್ಟೇ ಕಂಡಿದ್ದ ಹೆಣ್ಣುಮಕ್ಕಳು ಶೂನ್ಯ ಟಿಕೆಟ್ ಹಿಡಿದು ಗೋಕರ್ಣ, ಮುರ್ಡೇಶ್ವರದ ದಾರಿ ಹಿಡಿದರು.

ಗಂಟಿನ ಒಳವಸ್ತುಗಳನ್ನು ವಿದ್ವತ್ ಸಂಪ್ರದಾಯದಂತೆ ಏಳು ವರ್ಗಗಳಾಗಿ ವಿಂಗಡಿಸಲಾಗಿದೆ. ಪ್ರಥಮ, ಉದರನಿಷ್ಠ ವರ್ಗ: ಕಟಕ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಒಂದಿಷ್ಟು ಸುಸಲಾ. ಇಲ್ಲಿ ಒಂದು ಜ್ಞಾನಮೀಮಾಂಸೀಯ ಬಿಕ್ಕಟ್ಟು ತಲೆದೋರುತ್ತದೆ. ನೀರಿನಂಶ ಆರಿಹೋಗಿರುವುದರಿಂದಲೇ ಕಟಕ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಯಡ್ರಾಮಿಯ ಒಣಹವೆಯಲ್ಲಿ ಹಪ್ಪಳದಂತೆ ಮುರಿಯುವ ಅದು ಕಡಲಗಾಳಿಯ ತೇವ ಹೀರಿ ಒಂದೇ ರಾತ್ರಿಯಲ್ಲಿ ಮೆತ್ತಗಾಗುತ್ತದೆ. ಈ ಸ್ಥಿತ್ಯಂತರವನ್ನು ವಿದ್ವಾಂಸರು ‘ಅಸ್ಮಿತೆಯ ದ್ರವೀಕರಣ’ ಎನ್ನಬಹುದು. ಗಂಟು ಹೊತ್ತು ತಂದ ಅವ್ವ ಮಾತ್ರ “ರೊಟ್ಟಿ ಸತ್ತು ಹೋತು” ಅನ್ನುತ್ತಾಳೆ. ವಿಷಯ ಅಲ್ಲಿಗೆ ಮುಗಿಯಿತು.

ದ್ವಿತೀಯ, ಆವರಣನಿಷ್ಠ ವರ್ಗ: ಒಂದು ಹಳೆಯ ಸೀರೆ. ಉಡಲಿಕ್ಕಲ್ಲ. ಇಬ್ಬರು ಎರಡು ಸೆರಗು ಹಿಡಿದು ನಿಂತರೆ ಮೂರನೆಯವಳು ಮರೆಯಲ್ಲಿ ಒದ್ದೆ ಬಟ್ಟೆ ಬದಲಿಸುತ್ತಾಳೆ. ತೌಲನಿಕ ಅಧ್ಯಯನಕ್ಕೆ ವಿದೇಶಿ ನಿದರ್ಶನ ಕಡ್ಡಾಯವಾದ್ದರಿಂದ ಕೇಳಿ: ವಿಕ್ಟೋರಿಯಾ ರಾಣಿ 1847ರಲ್ಲಿ ಆಸ್ಬಾರ್ನ್‌ನಲ್ಲಿ ಮೊದಲ ಸಲ ಕಡಲಸ್ನಾನ ಮಾಡಿದಾಗ, ಗಾಲಿಗಳ ಮೇಲಿನ ಮರದ ಕೋಣೆಯೊಂದನ್ನು ನೀರಿಗೇ ಇಳಿಸಲಾಗಿತ್ತು. ಸೀರೆಗೆ ಹೋಲಿಸಿದರೆ ಅದು ಭಾರ, ಮಡಚಲಾಗದು, ಬಸ್ಸಿನಲ್ಲಿ ಲಗೇಜು ಚಾರ್ಜು ಬೇರೆ.

ತೃತೀಯ, ಪ್ರತ್ಯಾಗಮನನಿಷ್ಠ ವರ್ಗ: ಖಾಲಿ ಬಾಟಲಿ. ಹಾಸಿಗೆ ಹಿಡಿದ ಅತ್ತೆಗೆ ಸಮುದ್ರದ ನೀರು ಒಯ್ಯಬೇಕಲ್ಲ. ನಾಲ್ಕರಿಂದ ಏಳರವರೆಗಿನ ವರ್ಗಗಳನ್ನು ಪುಟ ತುಂಬಲೆಂದು ಸೇರಿಸಿದ್ದು. ಕೌದಿ, ವಿಭೂತಿ, ತಂಬಿಗಿ, ಘಟ್ಟದ ತಿರುವಿಗೆಂದು ಮೂಸುವ ನಿಂಬೆಹಣ್ಣು. ಓದುಗರೇ ಹಂಚಿಕೊಳ್ಳಲಿ.

ಇಂಥ ವರ್ಗೀಕರಣಗಳನ್ನು ವಿಚಾರ ಸಂಕಿರಣಗಳ ಬೆಂಚಿನ ಮೇಲೆ ಕೂತು ಕೇಳಿದವರಿಗೆ ಗೊತ್ತು: ಸನ್ಮಾನಕ್ಕೆ ಒಂದು ತಾಸು, ಪ್ರಬಂಧಕ್ಕೆ ಐದು ನಿಮಿಷ, ಪ್ರಮಾಣಪತ್ರ ಎಲ್ಲರಿಗೂ. ಯುಜಿಸಿಯ 2018ರ ಕೃತಿಚೌರ್ಯ ನಿಯಮದಂತೆ ಶೇ. 10ರವರೆಗಿನ ಸಾಮ್ಯಕ್ಕೆ ದಂಡವಿಲ್ಲ. ಈ ಪ್ರಬಂಧದಲ್ಲಿ ಆ ಶೇ. 10ನ್ನು ‘ಪರಿಪ್ರೇಕ್ಷ್ಯ’, ‘ಸಂಕಥನ’ಗಳೇ ತಿಂದು ತೇಗಿವೆ.

ಇನ್ನು ಅನುಬಂಧ. ಈ ಸೀಮೆಯಿಂದ ಸಮುದ್ರದ ದಂಡೆಗೆ ಹೋಗುವವರೆಲ್ಲ ಅಲೆ ನೋಡಲು ಹೋಗುವವರಲ್ಲ. ತೊಗರಿಯ ರಾಶಿ ಮುಗಿದ ಮೇಲೆ ಗೋವಾದತ್ತ ದುಡಿಯಲು ಹೋಗುವವರ ಗಂಟೇ ಬೇರೆ. ಅದರಲ್ಲಿ ಗಾರೆ ಕೆಲಸದ ಕರಣಿ, ಜೋಪಡಿಗೆ ಹೊದಿಸಲು ತಾಡಪತ್ರಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಆಧಾರ್, ರೇಷನ್ ಕಾರ್ಡು. ಅಂಜುನಾದ ಬುಧವಾರದ ಸಂತೆಯಲ್ಲಿ ಕನ್ನಡಿ ಕಸೂತಿಯ ಚೀಲ, ಮಣಿಸರ ಮಾರುವ ಲಂಬಾಣಿ ಹೆಣ್ಣುಮಕ್ಕಳೂ ಉತ್ತರ ಕರ್ನಾಟಕದ ತಾಂಡಾಗಳಿಂದ ಹೋದವರೇ. ಅವರು ಉಟ್ಟ ಬಟ್ಟೆಯ ಫೋಟೋ ಬೇಕು. ಮರಳಿನ ಮೇಲೆ ಅವರು ಕೂತರೆ ತೊಂದರೆ. ವಾಸ್ಕೋದ ಬೈನಾ ದಂಡೆಯಲ್ಲಿ ವರ್ಷಗಟ್ಟಲೆ ಬದುಕಿದ್ದ ಕನ್ನಡಿಗರ ಮನೆಗಳ ಮೇಲೆ 2004ರ ಜೂನಿನಲ್ಲಿ, ಮಳೆಗಾಲದಲ್ಲೇ, ಬುಲ್‌ಡೋಜರ್ ಹರಿಯಿತು. 2015ರಲ್ಲಿ ಮತ್ತೆ ಹರಿಯಿತು. ಆ ಮಳೆಯಲ್ಲಿ ಕೈಗೆ ಸಿಕ್ಕಷ್ಟನ್ನು ಬಾಚಿ ಗಂಟು ಕಟ್ಟಿದವರು ಯಾವ ವರ್ಗಕ್ಕೆ ಸೇರುತ್ತಾರೆ? ಕಾಗದಪತ್ರ ಇದ್ದವರ ಸೂರೂ ಉಳಿಯದಿದ್ದರೆ ಆ ಕಾಗದವನ್ನು ಎದೆಗವಚಿಕೊಂಡು ಬಂದದ್ದಾದರೂ ಯಾಕೆ? ಇದಕ್ಕೆ ಪರಿಭಾಷೆ ಹುಡುಕುವುದು ನಾಚಿಕೆಗೇಡು.

ಸಂಘಟಕರಲ್ಲಿ ಒಂದು ವಿನಂತಿ. ಕರಾವಳಿ ಸಂಸ್ಕೃತಿಯ ಮೇಲೆ ಮುಂದಿನ ಸಂಕಿರಣಕ್ಕೆ ಹಣ ಮಂಜೂರಾದರೆ ಹವಾನಿಯಂತ್ರಿತ ಸಭಾಂಗಣ ಬೇಡ, ಬೈನಾದಲ್ಲಿ ನಡೆಸಿ. ಯಡ್ರಾಮಿಯ ಹೆಣ್ಣುಮಕ್ಕಳನ್ನು ಮಾತಿಗೆ ಕರೆಯಿರಿ, ಅವರ ಬಸ್ ಚಾರ್ಜನ್ನೂ ಬಜೆಟ್ಟಿನಲ್ಲಿ ತೋರಿಸಿ. ಶಕ್ತಿ ಯೋಜನೆ ಅಂತರರಾಜ್ಯ ಬಸ್ಸುಗಳಿಗೆ ಅನ್ವಯಿಸುವುದಿಲ್ಲ.