ಗೆಜ್ಜಲ ಮಂಟಪದಲ್ಲಿ ಫಾಸ್ಟ್‌ಟ್ರ್ಯಾಕ್

(ಹಂಪಿಯ ಗೆಜ್ಜಲ ಮಂಟಪ. ವಿಠ್ಠಲ ದೇವಸ್ಥಾನಕ್ಕೆ ಬ್ಯಾಟರಿ ಗಾಡಿ ಹತ್ತುವ ಸಾಲು. ಭಾನುವಾರ, ರಣಬಿಸಿಲು. ಬೆಂಗಳೂರಿನ ಅಳಿಯ, ಹೊಸಪೇಟೆಯ ಮಾವ. ಮಾವನ ಹೆಗಲ ಮೇಲೆ ಮೊಮ್ಮಗಳು. ಅವಳ ಐಸ್‌ಕ್ಯಾಂಡಿ ಕೆಂಪಗೆ ಕರಗಿ ಅಜ್ಜನ ಬೋಳುತಲೆಗೆ ಅಭಿಷೇಕ.)

ಅಳಿಯ: ಮಾವ, ಫಾಸ್ಟ್‌ಟ್ರ್ಯಾಕ್ ಟಿಕೆಟ್ ಎಲ್ಲಿ? ಬಿಡದಿ ವಂಡರ್‌ಲಾದಲ್ಲಿ ಜಾಸ್ತಿ ದುಡ್ಡು ಕೊಟ್ರೆ ಮುಂದಕ್ಕೆ ಬಿಡ್ತಾರೆ.

ಮಾವ: ಮತ್ತ ಹಿಂದ ನಿಂತೋರು?

ಅಳಿಯ: ನಿಂತೇ ಇರ್ತಾರೆ. ಅವರಿಲ್ಲದಿದ್ರೆ ನಾವು ಫಾಸ್ಟು ಅಂತ ಗೊತ್ತಾಗೋದು ಹೆಂಗೆ?

ಮಾವ: ಆ ಫಾರಿನ್ನಿನವ್ರನ್ನ ನೋಡ್ರಿ. ದೇವಸ್ಥಾನದಾಗ ನಮಗ 40 ರೂಪಾಯಿ, ಅವರಿಗೆ 600. ನಿಂತಿರೋದು ನಮ್ಮ ಹಿಂದ.

ಅಳಿಯ: ಪಾಪ, ಯಾರೂ ಕಂಪ್ಲೇಂಟ್ ಕೊಟ್ಟಿಲ್ವಾ?

ಮಾವ: ನಿಮ್ಮ ಮಗಳಿಗೆ ಟಿಕೆಟ್ಟೇ ಇಲ್ಲ. 15 ವರ್ಷದೊಳಗ ಪುಕ್ಕಟೆ.

ಅಳಿಯ: (ಮುಖ ಸಿಂಡರಿಸಿ) ಪುಕ್ಕಟೆನಾ?

ಮೊಮ್ಮಗಳು: ತಾತಾ, ನಡ್ಕೊಂಡು ಹೋಗೋಣ!

ಮಾವ: ಹೆಚ್ಚುಕಮ್ಮಿ ಒಂದು ಕಿಲೋಮೀಟರ್ ಅಷ್ಟ, ಪುಟ್ಟಿ. ದಾರ್ಯಾಗ ಕುದುರೆಗೊಂಬೆ ಮಂಟಪ, ಪುಷ್ಕರಣಿ. ಸಾಲಂತೂ ಇಲ್ಲ.

ಅಳಿಯ: ನಡೆಯೋಕೆ ಎಷ್ಟು ಚಾರ್ಜು?

ಮಾವ: ಏನೂ ಇಲ್ಲ.

ಅಳಿಯ: ಹಂಗಾದ್ರೆ ಏನೋ ಮೋಸ ಇದೆ.

ಮಾವ: (50ರ ನೋಟು ಕೊಟ್ಟು) ಇದರ ಹಿಂದ ಕಲ್ಲಿನ ರಥ ಐತಿ. ನೋಡ್ಕೊಂತ ನಿಂದರ್ರಿ. ನಾವು ಖರೇದು ನೋಡ್ಕೊಂಡು ಬರ್ತೀವಿ.