ತಂಪು ಮನೆಯ ತಾಪತ್ರಯ

ಕುಪ್ಪೇಲೂರಿನವರಿಗೆ ಮಣ್ಣಿನ ಮಹಿಮೆ ಹೇಳಲು ಹೋದ ಮೊದಲ ಭೂಪ ನಾನೇ ಇರಬೇಕು. ಹುಟ್ಟಿದಾಗಿನಿಂದ ಮಣ್ಣಿನ ಮನೆಯಲ್ಲಿ ಮಲಗಿ, ಮಣ್ಣಿನಲ್ಲಿ ದುಡಿದು, ಈಗಷ್ಟೇ ಒಂದಿಷ್ಟು ರೊಕ್ಕ ಕೂಡಿಸಿ ಸಿಮೆಂಟಿನ ಮನೆಗೆ ಬಂದಿರುವ ಮಂದಿ ಅವರು. ಬೆಂಗಳೂರಿನ ಎ.ಸಿ. ಆಫೀಸಿನಲ್ಲಿ ಜಮಾ-ಖರ್ಚು ಬರೆದು ಬಂದ ನಾನು ಗುಡಿಯ ಕಟ್ಟೆಯ ಮೇಲೆ ಕೂತು, "ಕಾಂಕ್ರೀಟು ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ಅದನ್ನ ನಿಮ್ಮ ಮ್ಯಾಲೆ ಕಾರತೈತ್ರಿ. ದಪ್ಪನ ಮಣ್ಣಿನ ಗ್ವಾಡಿ ಹಂಗಲ್ಲ" ಎಂದು ಶುರು ಮಾಡಿದೆ. ಅವರು ಮರ್ಯಾದೆಯಿಂದ ಕೇಳಿಸಿಕೊಂಡರು. ನಮ್ಮ ಕಡೆಯವರು ಹಾಗೆಯೇ, ನಗುವುದಿದ್ದರೆ ಮನೆಗೆ ಹೋಗಿ ನಗುತ್ತಾರೆ.

ಇದಕ್ಕೆಲ್ಲ ಕಾರಣ ಬೆಂಗಳೂರಿನಲ್ಲಿ ಒಂದು ಶನಿವಾರ-ಭಾನುವಾರ ನಾನು ಹಾಜರಾದ ಕಾರ್ಯಾಗಾರ. ಊಟ ಚೆನ್ನಾಗಿತ್ತು, ಕೊನೆಗೆ ಪ್ರಮಾಣಪತ್ರವನ್ನೂ ಕೊಟ್ಟರು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಹಳ್ಳಿಗಳಿಗೆ ಒಗ್ಗುವ ತಂತ್ರಜ್ಞಾನಕ್ಕೆಂದು 'ಅಸ್ತ್ರ' ಕಟ್ಟಿದ್ದು, ಅಲ್ಲಿ ಕೆ.ಎಸ್. ಜಗದೀಶ್ ಮೊದಲಾದವರು ಮಣ್ಣಿಗೆ ತುಸು ಸಿಮೆಂಟು ಸೇರಿಸಿ, ಅಚ್ಚಿನಲ್ಲಿ ಒತ್ತಿ, ಸುಡದೆಯೇ ಗಟ್ಟಿ ಇಟ್ಟಂಗಿ ಮಾಡಿದ್ದು, ಎಲ್ಲ ಅಲ್ಲೇ ತಿಳಿಯಿತು. ನೂರಕ್ಕೆ 6ರಿಂದ 8 ಪಾಲು ಸಿಮೆಂಟು ಸಾಕು. ಸುಟ್ಟ ಇಟ್ಟಂಗಿಗೆ ಬೇಕಾದ ಶಕ್ತಿಯಲ್ಲಿ ಕಾಲು ಭಾಗ ಮಾತ್ರ ಇದಕ್ಕೆ ಖರ್ಚು ಎಂದು ವೆಂಕಟರಾಮ ರೆಡ್ಡಿ ಮತ್ತು ಜಗದೀಶ್ 2003ರಲ್ಲೇ ಲೆಕ್ಕ ಹಾಕಿ ಪ್ರಕಟಿಸಿದ್ದರಂತೆ. ಕಾಲು ಭಾಗ! ಮುಕ್ಕಾಲು ಉಳಿತಾಯ ಅಂದಮೇಲೆ ಲೆಕ್ಕಿಗನ ತಲೆ ನಿಲ್ಲುತ್ತದೆಯೇ? ಊರಿನ ಹಳೇ ಮನೆ ಕೆಡವಿದ ಜಾಗದಲ್ಲಿ ಇಂಥದ್ದೇ ಒಂದನ್ನು ಎಬ್ಬಿಸುವುದೆಂದು ರಾತ್ರಿ ಬಸ್ಸಿನಲ್ಲೇ ತೀರ್ಮಾನವಾಯಿತು.

ಊರಿನಲ್ಲಿ ಮೊದಲ ಅಡ್ಡಗಾಲು ಹಾಕಿದವರು ನಮ್ಮ ಕಾಕಾ. 2019ರ ಆಗಸ್ಟ್ ಮಳೆಗೆ ಹಾವೇರಿ ಜಿಲ್ಲೆಯಲ್ಲಿ ಸಾವಿರಾರು ಮಣ್ಣಿನ ಮನೆಗಳು ಕೂತುಬಿಟ್ಟವಲ್ಲ, ಆಗ ಪೂರ್ತಿ ಬಿದ್ದ ಮನೆಗೆ ಸರ್ಕಾರ ಐದು ಲಕ್ಷ ರೂಪಾಯಿ ಘೋಷಿಸಿತ್ತು. ನಮ್ಮದು ಹಿತ್ತಲ ಗೋಡೆ ಮಾತ್ರ ಹೊಟ್ಟೆ ಬಿಟ್ಟುಕೊಂಡು ನಿಂತಿತ್ತು. ಬೀಳಲೂ ಇಲ್ಲ, ರೊಕ್ಕವೂ ಬರಲಿಲ್ಲ. ಆ ಸಿಟ್ಟು ಕಾಕಾನಿಗೆ ಇನ್ನೂ ಆರಿಲ್ಲ.

"ಅಲ್ಲೋ ತಮ್ಮಾ, ಮಣ್ಣಿನ ಮನಿ ಬೀಳ್ತಾವ ಅಂತ ಸರ್ಕಾರದವ್ರು ಕೈಯಿಂದ ರೊಕ್ಕ ಕೊಟ್ಟು ಸಿಮೆಂಟಿನ ಮನಿ ಕಟ್ಟಸಾಕತ್ತಾರ. ನೀ ನೋಡಿದ್ರ ಕೈಯಿಂದ ರೊಕ್ಕ ಹಾಕಿ ಮಣ್ಣಿನ ಮನಿ ಕಟ್ತೀನಿ ಅಂತೀಯಲ್ಲೋ?"

ಅವ್ವನದು ಬೇರೆಯೇ ತಕರಾರು. ಹಳೇ ಮಾಳಿಗೆ ಮನೆಯ ತಂಪನ್ನು ನಾನು ಬಣ್ಣಿಸತೊಡಗಿದರೆ ಅವಳು ಒಲೆಯ ಮುಂದಿನಿಂದಲೇ, "ತಂಪೈತಿ ಅನ್ನಾಕ ನೀ, ಸಾರಸಾಕ ನಾ" ಅಂದಳು. ಮಾತಿನಲ್ಲಿ ಹುರುಳಿತ್ತು. ಮುಂಗಾರಿಗೆ ಮೊದಲು ಮಾಳಿಗೆಗೆ ಮಣ್ಣು ಹೊರುವವರು ಬೇಕು, ಸೋರುವ ಕಡೆ ನಡುರಾತ್ರಿ ಹತ್ತಿ ತುಳಿಯುವವರು ಬೇಕು, ಹಬ್ಬ ಬಂತೆಂದರೆ ಗೋಡೆ-ನೆಲ ಬಳಿಯುವವರು ಬೇಕು. ಹಳೇ ಮನೆ ನಿಂತದ್ದು ಮಣ್ಣಿನ ಬಲದಿಂದ ಅರ್ಧ, ಹೆಂಗಸರ ಸೊಂಟದ ಬಲದಿಂದ ಅರ್ಧ. ಕಾರ್ಯಾಗಾರದಲ್ಲಿ ಈ ಎರಡನೆಯ ಅರ್ಧದ ಬಗ್ಗೆ ಯಾರೂ ಬಾಯಿ ಬಿಟ್ಟಿರಲಿಲ್ಲ. "ಇದು ಹೊಸಾ ಥರದ ಮಣ್ಣವ್ವಾ, ಸಾರಸೂದು ಬ್ಯಾಡ" ಎಂದು ಸಮಾಧಾನ ಮಾಡಿದೆ.

ಇನ್ನು ಮಣ್ಣು. ರಾಣೆಬೆನ್ನೂರು ತಾಲ್ಲೂಕಿನಲ್ಲಿ ಎರೆಯೂ ಉಂಟು, ಮಸಾರಿಯೂ ಉಂಟು. ನಮ್ಮ ಹೊಲ ಅಪ್ಪಟ ಎರೆ. ಸ್ಥಳೀಯ ಸಾಮಗ್ರಿಯನ್ನೇ ಬಳಸಬೇಕು ಎಂದು ಪುಸ್ತಕಗಳೆಲ್ಲ ಹೇಳುತ್ತವೆ. ಸ್ವಂತ ಹೊಲಕ್ಕಿಂತ ಸ್ಥಳೀಯ ಯಾವುದು? ಶಾಸ್ತ್ರಕ್ಕೆ ಬಾಟಲಿ ಪರೀಕ್ಷೆಯನ್ನೂ ಮಾಡಿದೆ. ಗಾಜಿನ ಬಾಟಲಿಗೆ ಮಣ್ಣು, ನೀರು ಹಾಕಿ ಕುಲುಕಿ ಇಟ್ಟರೆ ಉಸುಕು ತಳಕ್ಕೆ ಇಳಿಯುತ್ತದೆ, ಅದರ ಮೇಲೆ ಹೂಳು, ಎಲ್ಲಕ್ಕೂ ಮೇಲೆ ಜೇಡಿ. ಪದರ ಅಳೆದರೆ ಮಣ್ಣಿನ ಜಾತಕ ಸಿಕ್ಕಂತೆ. ನನ್ನ ಬಾಟಲಿಯಲ್ಲಿ ಬೆಳಗಾದರೂ ನೀರು ತಿಳಿಯಾಗಲಿಲ್ಲ. ತಳದಲ್ಲಿ ಉಸುಕು ಹುಡುಕಲು ಕನ್ನಡಕ ಬೇಕಾಯಿತು. ಇದು ಬರೀ ಜೇಡಿ ಎಂದು ಬಾಟಲಿ ಸಾರಿ ಸಾರಿ ಹೇಳುತ್ತಿದ್ದರೆ ನಾನು, ಕುಲುಕಿದ್ದು ಸಾಲಲಿಲ್ಲ ಎಂದು ಇನ್ನಷ್ಟು ಕುಲುಕಿದೆ.

ಗೌಂಡಿ ಅಜ್ಜ ಒಂದು ಹೆಂಟೆ ಎತ್ತಿ, ಬೆರಳಲ್ಲಿ ತಿಕ್ಕಿ, ಉಗುಳು ಹಚ್ಚಿ ಮತ್ತೆ ತಿಕ್ಕಿ ಹೇಳಿದ: "ಸಾಹೇಬ್ರ, ಎರಿಯಾಗ ಕಾಳ ಕಟ್ತೈತ್ರಿ, ಗ್ವಾಡಿ ಕಟ್ಟಂಗಿಲ್ಲ."

ಅಜ್ಜನಿಗೆ ನಾನು ಮೊಬೈಲಿನಲ್ಲಿ ಪ್ರಮಾಣಪತ್ರದ ಫೋಟೋ ತೋರಿಸಿದೆ. ಅಜ್ಜ ಅದನ್ನು ದೂರ ಹಿಡಿದು ನೋಡಿ, "ಫೋಟೋ ಛಲೋ ಬಂದೈತ್ರಿ" ಎಂದು ಕೆಲಸಕ್ಕೆ ಇಳಿದ.

ಬಾಡಿಗೆಗೆ ತಂದ ಅಚ್ಚಿನ ಯಂತ್ರ ಕೈಯಿಂದ ಒತ್ತುವಂಥದು. ಕೊಲಂಬಿಯಾ ದೇಶದಲ್ಲಿ ರಾಮಿರೆಸ್ ಎಂಬ ಎಂಜಿನಿಯರ್ 1950ರ ದಶಕದಲ್ಲಿ ಮಾಡಿದ ಯಂತ್ರದ ವಂಶಸ್ಥ. ಊರ ಹುಡುಗರು ಅದರ ಹಿಡಿಕೆಗೆ ಜೋತುಬಿದ್ದು ಜೋಕಾಲಿ ಆಡಿದರು. ಇಟ್ಟಂಗಿಗಳು ಅಚ್ಚಿನಿಂದ ಹೊರಬಂದಾಗ ಕರ್ರಗೆ, ನುಣ್ಣಗೆ, ಚೂಪು ಅಂಚಿನ ಚೆಲುವೆಯರು. ಗೋಣಿತಾಟು ಹೊದಿಸಿ, ವಾರಗಟ್ಟಲೆ ನೀರುಣಿಸಿ, ಆಮೇಲೆ ಒಣಗಲು ಬಿಟ್ಟೆ. ತಾಟು ಸರಿಸಿದ ದಿನ ನೋಡುತ್ತೇನೆ, ಒಂದೊಂದರ ಮೈಮೇಲೂ ಬೇಸಗೆಯ ಹೊಲದ್ದೇ ಬಿರುಕು. ಎತ್ತಲು ಹೋದರೆ ಮೂಲೆಯೊಂದು ಕೈಗೆ ಬಂತು, ಉಳಿದದ್ದು ಇದ್ದಲ್ಲೇ ಕೂತಿತ್ತು. ಎರೆಯಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಆರಿದರೆ ಕುಗ್ಗುತ್ತದೆ. ಅದನ್ನು ಹದಕ್ಕೆ ತರಲು ಸುಣ್ಣ ಬೇಕು, ಉಸುಕು ಬೇಕು, ಎಲ್ಲಕ್ಕಿಂತ ಅಜ್ಜನ ಮಾತು ಕೇಳುವ ಕಿವಿ ಬೇಕು. ಎರೆ ಭೂಮಿಯ ಮೇಲೆ ಕಟ್ಟುವ ಕಷ್ಟಕ್ಕೆಂದೇ ರೂರ್ಕಿಯ ಕಟ್ಟಡ ಸಂಶೋಧನಾ ಸಂಸ್ಥೆಯವರು ಬುಡದಲ್ಲಿ ಗಡ್ಡೆಯಂತೆ ಉಬ್ಬಿದ ಕಂಬದ ಪಾಯವನ್ನೇ ರೂಢಿಗೆ ತಂದರು. ಅವರು ಎರೆಯ ಮೇಲೆ ನಿಲ್ಲಲು ಅಷ್ಟು ಒದ್ದಾಡಿದ್ದರೆ ನಾನು ಎರೆಯನ್ನೇ ಗೋಡೆ ಮಾಡಿ ನಿಲ್ಲಿಸಹೊರಟಿದ್ದೆ.

ಕೊನೆಗೆ ಮಸಾರಿ ಮಣ್ಣು ಟ್ರ್ಯಾಕ್ಟರಿನಲ್ಲಿ ದೂರದಿಂದ ಬಂತು, ಉಸುಕು ಇನ್ನೂ ದೂರದಿಂದ. ಎರಡೂ ಗಾಡಿಗಳ ಡೀಸೆಲ್ ಹೊಗೆ ನೋಡಿದ ಮೇಲೆ 'ಕಾಲು ಭಾಗ'ದ ಲೆಕ್ಕವನ್ನು ಮುಂದುವರಿಸುವುದು ಬೇಡವೆನ್ನಿಸಿತು.

ಹಿಂದಿನ ಗೋಡೆಗೆ ಲಾರಿ ಬೇಕರ್ ಪ್ರಚಾರ ಮಾಡಿದ ಇಲಿಬೋನಿನ ಕಟ್ಟು. ಸುಟ್ಟ ಇಟ್ಟಂಗಿಯನ್ನೇ ಅಂಚಿನ ಮೇಲೆ ನಿಲ್ಲಿಸಿ ನಡುವೆ ಟೊಳ್ಳು ಬಿಡುವುದು; ಸುಮಾರು ಕಾಲು ಪಾಲು ಇಟ್ಟಂಗಿ ಉಳಿಯುತ್ತದೆ, ಒಳಗಿನ ಗಾಳಿ ಬಿಸಿಯನ್ನು ತಡೆಯುತ್ತದೆ. "ಇಲಿಗೆ ಮನಿ ಕಟ್ಟಾಕತ್ತಾನ" ಎಂಬ ಸುದ್ದಿ ಸಂತೆಯವರೆಗೂ ಹೋಯಿತು. ಸ್ಲ್ಯಾಬಿನ ತಳಭಾಗದಲ್ಲಿ ಕಾಂಕ್ರೀಟಿಗೆ ಅಷ್ಟೇನೂ ಕೆಲಸವಿಲ್ಲವಾದ್ದರಿಂದ ಅಲ್ಲಿ ಹಳೇ ಮಂಗಳೂರು ಹಂಚು ತುಂಬಿಸಿದೆ. ಕಾಕಾ ಕೆಳಗೆ ನಿಂತು ತಲೆಯೆತ್ತಿ ನೋಡಿ, "ಹಂಚು ಸ್ಲ್ಯಾಬಿನ ಮ್ಯಾಲ ಹಾಕ್ತಾರೋ ಒಳಗ ಹಾಕ್ತಾರೋ?" ಅಂದ. ಬೆಳಕಿಗೆಂದು ಬಡಗಣಕ್ಕೆ ದೊಡ್ಡ ದೊಡ್ಡ ಕಿಟಕಿ, ಸಜ್ಜಾ ಇಲ್ಲದೆ. ಪುಸ್ತಕದ ಪ್ರಕಾರ ಬಡಗಣದಿಂದ ಬಿಸಿಲು ಬರುವುದಿಲ್ಲ. ಆ ಪುಸ್ತಕ ಬರೆದಾತ ಕರ್ಕಾಟಕ ವೃತ್ತದ ಆಚೆಯವನಿರಬೇಕು. ಸುಮಾರು ಹದಿನಾಲ್ಕೂವರೆ ಡಿಗ್ರಿ ಅಕ್ಷಾಂಶದ ನಮ್ಮೂರಲ್ಲಿ ಮೇ ತಿಂಗಳು ಪೂರ್ತಿ ಸೂರ್ಯ ಬಡಗಣಕ್ಕೇ ವಾಲಿರುತ್ತಾನೆ. ಬೆಳಗಿನ ಬಿಸಿಲು ಓರೆಯಾಗಿ ಬಂದು ಅವ್ವನ ಹಾಸಿಗೆಯ ಮೇಲೇ ಕೂತಿತು.

ಆದರೆ ನನ್ನ ಮುಖ್ಯ ಹೆಮ್ಮೆ ಪಡುವಣದ ಜಾಲಿ ಗೋಡೆ. ಇಟ್ಟಂಗಿಗಳ ನಡುವೆ ಸಂದು ಬಿಟ್ಟು, ಪಡುವಣ ಗಾಳಿ ಒಳಹೊಕ್ಕು ಪಡಸಾಲೆ ದಾಟಿ ಮೇಲಿನ ಬೆಳಕಿಂಡಿಯಿಂದ ಹೊರಹೋಗುವಂತೆ ಮಾಡಿದ ಏರ್ಪಾಡು. ಫ್ಯಾನೇ ಬೇಡ. ಊದಿನಕಡ್ಡಿ ಹಿಡಿದು ಎಲ್ಲರಿಗೂ ತೋರಿಸಿದೆ, ಹೊಗೆ ನಾನು ನಕ್ಷೆಯಲ್ಲಿ ಬಾಣ ಬರೆದ ದಾರಿಯಲ್ಲೇ ಹೋಯಿತು. ಜಾಲಿಯ ಆಚೆ ಏನಿದೆ ಎಂಬುದು ಮಾತ್ರ ನಕ್ಷೆಯಲ್ಲಿರಲಿಲ್ಲ. ಆಚೆ ಇದ್ದದ್ದು ಪಕ್ಕದ ಮನೆ ಕಾಕಿಯ ಅಂಗಳ. ಬೇಸಗೆಯಲ್ಲಿ ಅಲ್ಲಿ ವರ್ಷದ ಖಾರಪುಡಿಗೆ ಬ್ಯಾಡಗಿ ಮೆಣಸಿನಕಾಯಿ ಹರವುತ್ತಾರೆ, ತೊಟ್ಟು ಬಿಡಿಸುತ್ತಾರೆ, ಎಣ್ಣೆ ಸವರಿ ಹುರಿಯುತ್ತಾರೆ.

ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಜಗತ್ತೇ ಹೇಳುತ್ತದೆ. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. ಖಾರ ಕಡಿಮೆ ಎನ್ನುವವರು ಪಡುವಣಕ್ಕೆ ಜಾಲಿ ಗೋಡೆ ಕಟ್ಟಿಸಿಕೊಂಡವರಲ್ಲ. ಬೀಗರು ಊಟಕ್ಕೆ ಕೂತಿದ್ದ ದಿನವೇ ಕಾಕಿ ಬಾಣಲೆ ಇಟ್ಟಳು. ಘಾಟು ಜಾಲಿಯಿಂದ ನುಗ್ಗಿ, ಪಡಸಾಲೆ ದಾಟಿ, ಬಾಣದ ಗುರುತಿನ ಮೇಲೆಯೇ ಸಾಗಿತು. ನಡುವೆ ಸಿಕ್ಕಿದ್ದು ಪಂಕ್ತಿ. ಹಿರಿಯ ಬೀಗರು ಹೋಳಿಗೆಯ ತುತ್ತು ಹಿಡಿದುಕೊಂಡೇ ಸೀನಿದರು. ಬೀಗತಿಯ ಕಣ್ಣೀರು ನೋಡಿ ಅವ್ವ, ಅವರಿಗೆ ಏನೋ ಅಂದಿರಬೇಕೆಂದು ನನ್ನ ಹೆಂಡತಿಯನ್ನು ಗದರಿದಳು. ನಾನೊಬ್ಬನೇ ಸೀನುತ್ತಲೇ, ಗಾಳಿಯ ಹರಿವು ಎಷ್ಟು ಕರಾರುವಾಕ್ಕಾಗಿದೆ ಎಂದು ವಿವರಿಸುತ್ತಿದ್ದೆ. ಈಗ ಜಾಲಿಗೆ ತಾಡಪತ್ರಿ ಬಿಗಿದಿದೆ, ಫ್ಯಾನೂ ತಿರುಗುತ್ತಿದೆ.

ಈಜಿಪ್ಟಿನ ಹಸನ್ ಫಾತಿ ನೆನಪಾಗುತ್ತಾನೆ. 1940ರ ದಶಕದಲ್ಲಿ ಲಕ್ಸರ್ ಬಳಿ ಬಡವರಿಗೆಂದು ಮಣ್ಣಿನ ಇಟ್ಟಂಗಿಯ ಚೆಂದದ ಊರು ಕಟ್ಟಿದ. ಗುಮ್ಮಟವಿರುವುದು ಗೋರಿಗೆ, ಮನೆಗಲ್ಲ ಎಂದು ಮೂಗು ಮುರಿದವರೂ ಇದ್ದರಂತೆ, ಬಹಳ ಮಂದಿ ಅಲ್ಲಿಗೆ ಹೋಗಲೇ ಇಲ್ಲ. ಅವನ ಸಾಲಿನಲ್ಲಿ ನಿಲ್ಲುವ ಯೋಗ್ಯತೆ ನನಗೆಲ್ಲಿ? ಆದರೆ ಮೂಗು ಮುರಿಸಿಕೊಂಡ ಲೆಕ್ಕದಲ್ಲಿ ನಾವಿಬ್ಬರೂ ಸಮ. ಹಾಗೆಂದು ಮನೆ ಕೆಟ್ಟದ್ದೇನಲ್ಲ. ಮಟಮಟ ಮಧ್ಯಾಹ್ನ ಕಾಕಾ ತನ್ನ ಕಾಂಕ್ರೀಟು ಮನೆ ಬಿಟ್ಟು ನಮ್ಮ ನಡುಮನೆಯಲ್ಲೇ ಬಂದು ಮಲಗುತ್ತಾನೆ. ಕೇಳಿದರೆ, "ತಂಪಿಗಲ್ಲೋ, ನಮ್ಮ ಮನ್ಯಾಗ ಟಿ.ವಿ. ಗದ್ದಲ" ಅನ್ನುತ್ತಾನೆ.

ಮೊನ್ನೆ ಮನೆ ಗಣತಿಗೆ ಮಾಸ್ತರರು ಬಂದರು. "ಗ್ವಾಡಿ ಯಾತರದ್ರಿ?"

ನಾನು ಅಸ್ತ್ರದಿಂದ ಶುರು ಮಾಡಿ ರೂರ್ಕಿಗೆ ಬರುವಷ್ಟರಲ್ಲಿ ಅವರು ಕೈ ಅಡ್ಡ ಹಿಡಿದರು. "ಅಷ್ಟೆಲ್ಲಾ ಬರಿಯಾಕ ಜಾಗಾ ಇಲ್ರಿ. ಮಣ್ಣು ಇಲ್ಲಾ ಸುಡಲಾರದ ಇಟ್ಟಂಗಿ, ಇದೊಂದು. ಸುಟ್ಟ ಇಟ್ಟಂಗಿ, ಇದೊಂದು. ನಿಮ್ದು ಸುಟ್ಟದ್ದೋ, ಸುಡಲಾರದ್ದೋ?"

"ಸುಡಲಾರದ್ರಿ. ಅದರಾಗ ಅದರ ಹೆಚ್ಚುಗಾರಿಕೆ—"

"ಹಂಗಾರ ಮಣ್ಣಿನ ಮನಿ" ಎಂದು ಗುರುತು ಹಾಕಿಕೊಂಡರು.

ಹೊಸ್ತಿಲಲ್ಲಿ ಅಕ್ಕಿ ಆರಿಸುತ್ತಿದ್ದ ಅವ್ವ ಮೊರ ಕೆಳಗಿಟ್ಟಳು. "ಮಾಸ್ತರ, ಮಣ್ಣಿನ ಮನಿ ಅಂತ ಬರಕೊಂಡ್ರ್ಯಾ? ಹಂಗಾರ ಮಳಿಗೆ ಬಿದ್ರ ನಮಗೂ ಐದ ಲಕ್ಷ ಬರ್ತೈತೇನ್ರಿ?"

"ಮೊದ್ಲ ಮನಿ ಬೀಳಬೇಕಲ್ಲ ಯವ್ವಾ" ಎಂದು ಮಾಸ್ತರರು ನಕ್ಕರು.

ಅವ್ವ ಗೋಡೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. "ಅದರ ಚಿಂತಿ ಬಿಡ್ರಿ. ಕಟ್ಟಿದಾಂವ ಇಂವನ."